ಸಾವಿನ ಮನೆಯ ಹಾಡಿಗೂ ಲೈಸೆನ್ಸ್ ಬೇಕೆ?

ನಮ್ಮ ದೊಡ್ಡಪ್ಪನ ನುಡಿನಮನದ ಹಿಂದಿನ ಸಂಜೆ ಸಭಾಂಗಣದ ಮ್ಯಾನೇಜರ್ ಫೋನ್ ಮಾಡಿದರು. "ಸಾರ್, ನಾಳೆ ಹಾಡು ಹಾಕ್ತೀರಾ? ಹಾಕೋದಾದ್ರೆ ಮ್ಯೂಸಿಕ್ ಲೈಸೆನ್ಸ್ ಕಾಪಿ ಕೊಡ್ಬೇಕು." ಹನ್ನೆರಡು ದಿನದಿಂದ ಸರಿಯಾಗಿ ನಿದ್ದೆ ಮಾಡಿರದ ದೊಡ್ಡಪ್ಪನ ಮಗ ಸಿಡಿದೆದ್ದ. "ಸತ್ತವರ ಹೆಸರಲ್ಲಿ ಎರಡು ಹಾಡು ಹಾಕೋಕೂ ದುಡ್ಡು ಕಟ್ಟಬೇಕಾ?" ಅವನ ಸಿಟ್ಟಿನಲ್ಲಿ ನ್ಯಾಯವಿತ್ತು. ಮ್ಯಾನೇಜರ್ ಕೇಳಿದ್ದೂ ಅಧಿಕಪ್ರಸಂಗವೇನಲ್ಲ. ಆ ರಾತ್ರಿ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಪುಟಗಳನ್ನು ತಿರುವಿಹಾಕಿದವನು ನಾನು. ಆಮೇಲೆ ಬಂಧುಬಳಗದಲ್ಲಿ ಯಾರಾದರೂ ತೀರಿಕೊಂಡಾಗಲೆಲ್ಲ ಈ ಪ್ರಶ್ನೆ ನನ್ನ ಪಾಲಿಗೇ ಬರುತ್ತಿದೆ. ಹಾಗಾಗಿ ಒಮ್ಮೆ ಕೂತು ಬರೆದುಬಿಡೋಣ ಅನ್ನಿಸಿತು.

ನಮ್ಮ ಕಾನೂನು ವಿನಾಯಿತಿ ಕೊಟ್ಟಿರುವುದು ಧಾರ್ಮಿಕ ಕ್ರಿಯೆಗೆ. ದುಃಖಕ್ಕೆಂದು ಬೇರೆ ವಿನಾಯಿತಿ ಅದರಲ್ಲಿಲ್ಲ. ಅದೇ ಹಾಡು ಚಿತೆಯ ಮುಂದೆ ನಡೆಯುತ್ತದೆ, ಹೋಟೆಲಿನ ಹಾಲ್‌ನಲ್ಲಿ ನಡೆಯುವ ಶ್ರದ್ಧಾಂಜಲಿ ಸಭೆಯಲ್ಲಿ ಪ್ರಶ್ನೆಗೆ ಗುರಿಯಾಗುತ್ತದೆ, ಯೂಟ್ಯೂಬಿಗೆ ಹೋದರೆ ಬಾಯಿ ಮುಚ್ಚಿಸಿಕೊಳ್ಳುತ್ತದೆ. ಆದ್ದರಿಂದ "ಸಾವಿನಲ್ಲಿ ಹಾಡು ಹಾಕಬಹುದಾ" ಎಂದು ಇಡಿಯಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಹಾಡು, ಯಾವ ದಿನ, ಯಾವ ಜಾಗ, ಹಾಡುವವರು ಯಾರು ಎಂದು ಬಿಡಿಸಿ ಕೇಳಬೇಕು.

ಮೊದಲು ಹಾಡನ್ನು ಬಿಡಿಸಿ

ನಾವು ಒಂದು ಹಾಡು ಎನ್ನುವುದರಲ್ಲಿ ಕಾನೂನಿನ ಕಣ್ಣಿಗೆ ಮೂರು ಸ್ವತ್ತುಗಳಿವೆ. ಸಾಹಿತ್ಯ ಒಂದು, ರಾಗಸಂಯೋಜನೆ ಇನ್ನೊಂದು, ಅದನ್ನು ಹಾಡಿಸಿ ಹಿಡಿದಿಟ್ಟ ಧ್ವನಿಮುದ್ರಣ ಮೂರನೆಯದು. ಮೂರಕ್ಕೂ ಬೇರೆ ಬೇರೆ ಒಡೆಯರಿರಬಹುದು, ಅವಧಿಯೂ ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯಕ್ಕೂ ಸಂಗೀತಕ್ಕೂ ಬರೆದವರ ಜೀವಮಾನ ಮತ್ತು ಅವರು ತೀರಿಕೊಂಡ ಮೇಲೆ 60 ವರ್ಷ ರಕ್ಷಣೆ ಇದೆ. ಧ್ವನಿಮುದ್ರಣಕ್ಕೆ ಅದು ಹೊರಬಂದ ಮೇಲೆ 60 ವರ್ಷ. ಎಣಿಕೆ ಮುಂದಿನ ಜನವರಿ 1ರಿಂದ ಶುರು. 1964ರಲ್ಲಿ ಬಿಡುಗಡೆಯಾದ ಧ್ವನಿಮುದ್ರಣದ ಹಕ್ಕು 2024ರ ಡಿಸೆಂಬರ್ 31ಕ್ಕೆ ಮುಗಿಯಿತು ಎಂದು ಲೆಕ್ಕ ಹಾಕಬೇಕು.

ನಮ್ಮ ಕಡೆ ಸಾವಿನ ಸಂದರ್ಭದಲ್ಲಿ ಕೇಳುವ ಬಹುಪಾಲು ಹಾಡುಗಳ ಸಾಹಿತ್ಯ ಯಾರ ಸ್ವತ್ತೂ ಅಲ್ಲ. ಹನ್ನೆರಡನೆಯ ಶತಮಾನದ ವಚನಗಳು, ದಾಸರ ಪದಗಳು, ಶಿಶುನಾಳ ಷರೀಫರ ತತ್ವಪದಗಳು (ಷರೀಫರು ತೀರಿಕೊಂಡದ್ದು 1889ರಲ್ಲಿ), ಊರಿನ ಏಕತಾರಿ ಪದಗಳು ಎಲ್ಲವೂ ಮುಕ್ತ. ಶ್ರದ್ಧಾಂಜಲಿ ಸಭೆಗಳಲ್ಲಿ ಎಷ್ಟೋ ಸಲ ಕೇಳಿರುವ 'ಕರುಣಾಳು ಬಾ ಬೆಳಕೆ' ಕೂಡ ಹಾಗೆಯೇ. ಅದು ಜಾನ್ ಹೆನ್ರಿ ನ್ಯೂಮನ್ನರ ಇಂಗ್ಲಿಷ್ ಪ್ರಾರ್ಥನೆಗೆ ಬಿ.ಎಂ.ಶ್ರೀಯವರು ಮಾಡಿದ ಕನ್ನಡ ರೂಪ. ನ್ಯೂಮನ್ 1890ರಲ್ಲಿ ಹೋದರು, ಬಿ.ಎಂ.ಶ್ರೀ 1946ರಲ್ಲಿ. 2007ರಿಂದ ಆ ಸಾಲುಗಳು ಎಲ್ಲರವು. ಚರ್ಚುಗಳಲ್ಲಿ ಸಮಾಧಿಯ ಹೊತ್ತಿಗೆ ಹಾಡುವ 'ಅಬೈಡ್ ವಿತ್ ಮಿ' ಬರೆದ ಹೆನ್ರಿ ಲೈಟ್ 1847ರಲ್ಲೂ, ಅದರ ಪರಿಚಿತ ರಾಗ ಕಟ್ಟಿದ ವಿಲಿಯಂ ಮಾಂಕ್ 1889ರಲ್ಲೂ ತೀರಿಕೊಂಡವರು.

ಎಡವುವುದು ಇಲ್ಲಿಂದ ಮುಂದೆ. ಪುರಂದರದಾಸರು ಬರೆದದ್ದು ಮುಕ್ತ, ಆದರೆ ಅದಕ್ಕೆ ಮೂವತ್ತು ವರ್ಷದ ಹಿಂದೆ ಯಾರೋ ಹೊಸದಾಗಿ ಹಾಕಿದ ಮಟ್ಟು ಅವರದು, ಹೆಸರಾಂತ ಗಾಯಕರ ಧ್ವನಿಯಲ್ಲಿ ಬಂದ ಕ್ಯಾಸೆಟ್ಟು ಕಂಪನಿಯದು. ದಾಸರ ಪದ ತಾನೆ ಎಂದು ಆ ಕ್ಯಾಸೆಟ್ಟನ್ನು ಸಭೆಯಲ್ಲಿ ಹಾಕಿದರೆ ನೀವು ಬಳಸಿದ್ದು ಪದವನ್ನಷ್ಟೇ ಅಲ್ಲ. ಅದನ್ನೇ ನಿಮ್ಮ ಅತ್ತೆ ಹಳೆಯ ಧಾಟಿಯಲ್ಲಿ ಹಾಡಿದರೆ ಯಾರ ಅಪ್ಪಣೆಯೂ ಬೇಡ.

ಇಪ್ಪತ್ತನೆಯ ಶತಮಾನದ ಕವಿಗಳ ವಿಷಯದಲ್ಲಿ ವರ್ಷ ನೋಡಿಕೊಳ್ಳಿ. ಡಿ.ವಿ.ಜಿ. 1975ರಲ್ಲಿ ತೀರಿಕೊಂಡದ್ದರಿಂದ ಕಗ್ಗದ ಹಕ್ಕು 2035ರ ಕೊನೆಯವರೆಗೂ ಇದೆ. ಬೇಂದ್ರೆಯವರದು (1981) 2041ರ ಕೊನೆಯವರೆಗೆ, ಕುವೆಂಪು ಅವರದು (1994) 2054ರ ಕೊನೆಯವರೆಗೆ. ಹಾಗೆಂದು ಶವದ ಮುಂದೆ ಕಗ್ಗ ಓದಬಾರದೆಂದೇನೂ ಅಲ್ಲ. ಯಾವುದಕ್ಕೆ ವಿನಾಯಿತಿಯ ಆಸರೆ ಬೇಕು, ಯಾವುದಕ್ಕೆ ಬೇಡವೇ ಬೇಡ ಎಂಬುದನ್ನು ತಿಳಿಯಲು ಈ ಲೆಕ್ಕ.

ಒಂದು ಕಾಗದ ತೆಗೆದುಕೊಂಡು ನೀವು ಹಾಕಬೇಕೆಂದಿರುವ ಹಾಡುಗಳನ್ನು ಬರೆಯಿರಿ. ಪಕ್ಕದಲ್ಲಿ ಬರೆದವರು, ಮಟ್ಟು ಹಾಕಿದವರು, ಧ್ವನಿಮುದ್ರಣವಾದರೆ ಕಂಪನಿಯ ಹೆಸರು. ಹಿರಿಯರನ್ನು ಕಳೆದುಕೊಂಡ ಮನೆಯಲ್ಲಿ ಇದೆಲ್ಲ ಯಾರಿಗೆ ಬೇಕು ಎನ್ನಿಸಬಹುದು. ಕೆಲಸ ಕೊಟ್ಟರೆ ಮಾಡಲು ಕಾದು ಕೂತಿರುವ ಕಾಲೇಜು ಹುಡುಗನೊಬ್ಬ ಪ್ರತಿ ಮನೆಯಲ್ಲೂ ಇರುತ್ತಾನೆ, ಅವನಿಗೆ ಒಪ್ಪಿಸಿ.

ಮನೆಯಿಂದ ಸ್ಮಶಾನದವರೆಗೆ

ಕಾಯ್ದೆಯಲ್ಲಿ ನಿಮ್ಮ ಕೈಹಿಡಿಯುವ ಕಲಂ 52(1)(ಝಡ್‌ಎ). ನಿಜವಾದ ಧಾರ್ಮಿಕ ಸಮಾರಂಭದ ಅಂಗವಾಗಿ ಸಾಹಿತ್ಯ, ಸಂಗೀತವನ್ನು ಪ್ರದರ್ಶಿಸಿದರೆ ಅಥವಾ ಧ್ವನಿಮುದ್ರಣವನ್ನು ಸಾರ್ವಜನಿಕರಿಗೆ ಕೇಳಿಸಿದರೆ ಅದು ಹಕ್ಕಿನ ಉಲ್ಲಂಘನೆ ಅಲ್ಲ ಎನ್ನುತ್ತದೆ ಅದು. ಕೇಂದ್ರ, ರಾಜ್ಯ ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಅಧಿಕೃತ ಸಮಾರಂಭಕ್ಕೂ ಅದೇ ವಿನಾಯಿತಿ. ಸಕಲ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆದು ಪೊಲೀಸ್ ಬ್ಯಾಂಡ್ ನುಡಿಸಿದರೆ ಕುಟುಂಬದವರು ಈ ತಲೆನೋವನ್ನೇ ಹಚ್ಚಿಕೊಳ್ಳಬೇಕಿಲ್ಲ.

ಮನೆಯೊಳಗೆ, ಮನೆಯವರು ಮತ್ತು ಹತ್ತಿರದವರ ನಡುವೆ ಅಪ್ಪನಿಗೆ ಇಷ್ಟವಾದ ಹಾಡನ್ನು ಮೆಲ್ಲಗೆ ಹಾಕಿಟ್ಟರೆ ಅದು ಸಾರ್ವಜನಿಕವೇ ಅಲ್ಲ. ಯಾರೂ ಯಾವ ಕಾನೂನನ್ನೂ ತೆರೆದು ನೋಡುವ ಅಗತ್ಯವಿಲ್ಲ. ಶವ ಮಲಗಿಸಿದ ರಾತ್ರಿಯೆಲ್ಲ ಅಂಗಳದಲ್ಲಿ ಕೂತು ಭಜನೆ ಮಾಡುವುದು, ಪಾಳಿ ಹಾಕಿಕೊಂಡು ತತ್ವಪದ ಹಾಡುವುದು ಕ್ರಿಯೆಯ ಅಂಗವೇ. ಭಜನಾ ಮಂಡಳಿಯವರ ಬೆನ್ನಿಗೆ ಇನ್ನೊಂದು ಕಲಂ ಕೂಡ ಇದೆ: ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ ಕೇಳುವವರ ಮುಂದೆ ಹಾಡಿದರೆ, ಅಥವಾ ಧಾರ್ಮಿಕ ಸಂಸ್ಥೆಯ ಅನುಕೂಲಕ್ಕಾಗಿ ಹಾಡಿದರೆ 52(1)(ಎಲ್) ಅದನ್ನು ಉಲ್ಲಂಘನೆಯಿಂದ ಹೊರಗಿಡುತ್ತದೆ. ಸಂಘ ನೋಂದಣಿ ಆಗಿರಬೇಕೆಂದು ಆ ಕಲಂ ಕೇಳುವುದಿಲ್ಲ. ಆದರೆ ಅದು ನೇರವಾಗಿ ಹಾಡುವುದಕ್ಕೆ ಮಾತ್ರ. ಪೆನ್‌ಡ್ರೈವ್ ಚುಚ್ಚಿ ಹಾಡು ಹಾಕುವುದಕ್ಕೆ ನೆರವಾಗುವುದಿಲ್ಲ.

ರಾತ್ರಿಯ ಭಜನೆಗೆ ತೊಂದರೆ ಬರುವುದಾದರೆ ಕಾಪಿರೈಟಿನಿಂದ ಬರುವುದಿಲ್ಲ, ಮೈಕಿನಿಂದ ಬರುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಅದನ್ನು ಹಚ್ಚುವಂತಿಲ್ಲ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಹತ್ತು ಗಂಟೆಗೆ ಮೈಕ್ ತೆಗೆಸಿಬಿಡಿ. ತಾಳ, ದಮ್ಮಡಿ, ಬರಿಗಂಟಲು ಸಾಕು. ಹಳಬರು ಹಾಡಿದ್ದೇ ಹಾಗೆ.

ಶವಯಾತ್ರೆಯಲ್ಲಿ ತಮಟೆ, ಹಲಗೆ ಬಡಿಯುವುದಕ್ಕೆ ಹಕ್ಕುದಾರರೇ ಇಲ್ಲ. ಬ್ಯಾಂಡ್‌ಸೆಟ್ಟಿನವರು ಸಿನಿಮಾ ಹಾಡಿನ ಮಟ್ಟು ನುಡಿಸಿದರೆ, ಅಥವಾ ಹೂವಿನ ವಾಹನದ ಸ್ಪೀಕರಿನಲ್ಲಿ ಭಕ್ತಿಗೀತೆ ಹಾಕಿದರೆ, ಮೆರವಣಿಗೆ ಅಂತ್ಯಕ್ರಿಯೆಯ ಭಾಗವೆಂಬ ವಾದ ಗಟ್ಟಿಯಾಗಿ ನಿಲ್ಲುತ್ತದೆ. ಸ್ಮಶಾನ, ವಿದ್ಯುತ್ ಚಿತಾಗಾರ, ಖಬರಸ್ತಾನ, ಸಿಮೆಟ್ರಿಗಳಲ್ಲಿ ನಡೆಯುವ ಪ್ರಾರ್ಥನೆಗೂ ಅಷ್ಟೇ. ಚರ್ಚಿನೊಳಗಿನ ಪೂಜೆಯ ಗಾಯನಕ್ಕೂ ಅಷ್ಟೇ.

ಮೂರನೇ ದಿನದ ಹಾಲುತುಪ್ಪ, ಹನ್ನೊಂದನೆಯ ದಿನದ ಕ್ರಿಯೆ, ವೈಕುಂಠ ಸಮಾರಾಧನೆ, ಶಿವಗಣಾರಾಧನೆ, ಕರಾವಳಿಯ ಬೊಜ್ಜ, ವರ್ಷದ ತಿಥಿ ಎಲ್ಲವೂ ಧಾರ್ಮಿಕ ಕ್ರಿಯೆಗಳೇ. ಹಾಲ್‌ನಲ್ಲಿ ಮಾಡಿದ ಮಾತ್ರಕ್ಕೆ ಅವು ಕ್ರಿಯೆಯಲ್ಲದೆ ಹೋಗುವುದಿಲ್ಲ. ಹಾಲ್‌ನವರು ಕೇಳಿದರೆ ಆಹ್ವಾನಪತ್ರಿಕೆ ತೋರಿಸಿ. ಅದರಲ್ಲಿ ಕ್ರಿಯೆಯ ಹೆಸರು, ಹೊತ್ತು ಇದ್ದರೆ ಬಹಳಷ್ಟು ಚರ್ಚೆ ಅಲ್ಲೇ ಮುಗಿಯುತ್ತದೆ.

ನುಡಿನಮನದ ತೊಡಕು

ಎಲ್ಲಕ್ಕಿಂತ ಕಗ್ಗಂಟು ಇದೇ. ಕ್ರಿಯೆ ಮನೆಯಲ್ಲಿ ಮುಗಿದಿರುತ್ತದೆ. ಸಂಜೆ ಬಾಡಿಗೆ ಸಭಾಂಗಣದಲ್ಲಿ ನೂರೈವತ್ತು ಜನ. ಫೋಟೊಗೆ ಹಾರ, ನಾಲ್ಕು ಮಂದಿ ಭಾಷಣ, ನಡುವೆ ಅವರಿಗೆ ಇಷ್ಟವಾದ ಹಳೆಯ ಚಿತ್ರಗೀತೆ, ಕೊನೆಗೆ ಉಪಾಹಾರ. ಇದು ಧಾರ್ಮಿಕ ಸಮಾರಂಭವೇ?

ಕಾಯ್ದೆಯ ವಿವರಣೆಯನ್ನು ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಧಾರ್ಮಿಕ ಸಮಾರಂಭವೆಂದರೆ ಮದುವೆ ಮೆರವಣಿಗೆಯೂ ಮದುವೆಗೆ ಹೊಂದಿಕೊಂಡ ಸಾಮಾಜಿಕ ಸಂಭ್ರಮವೂ ಸೇರುತ್ತದೆ ಎಂದು ಬಿಡಿಸಿ ಬರೆದಿದ್ದಾರೆ. ಸಾವಿಗೆ ಹೊಂದಿಕೊಂಡ ಸಾಮಾಜಿಕ ಸಭೆಯ ಬಗ್ಗೆ ಒಂದಕ್ಷರ ಇಲ್ಲ. ಬ್ಯಾಂಡು, ಡಿಜೆ ಎಂದು ಜಗಳ ಬಂದದ್ದೆಲ್ಲ ಮದುವೆಯಿಂದ, ಹಾಗಾಗಿ ಬರೆದವರ ತಲೆಯಲ್ಲೂ ಮದುವೆಯೇ ಇದ್ದಿರಬೇಕು. ಆರತಕ್ಷತೆಯಲ್ಲಿ ಕುಣಿಯಲು ವಿನಾಯಿತಿ ಉಂಟು, ಅಮ್ಮನ ನೆನಪಿಗೆ ಅಮ್ಮನ ಇಷ್ಟದ ಹಾಡು ಹಾಕಲು ಸ್ಪಷ್ಟ ಮಾತಿಲ್ಲ ಎಂಬ ಸ್ಥಿತಿ ನನಗಂತೂ ತಲೆಕೆಳಗಾಗಿ ಕಾಣುತ್ತದೆ.

ಮದುವೆಗೇ ಆದರೂ ವಿಷಯ ತಣ್ಣಗಾಗಿಲ್ಲ. ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನಾ ಇಲಾಖೆ 2023ರ ಜುಲೈ 24ರಂದು ಪ್ರಕಟಣೆ ಹೊರಡಿಸಿ, ಈ ಕಲಮಿನ ವ್ಯಾಪ್ತಿಗೆ ಬರುವ ಮದುವೆ ಸಮಾರಂಭಗಳಿಂದ ರಾಯಲ್ಟಿ ಕೇಳಬಾರದೆಂದು ನೆನಪಿಸಿತು. ಗೋವಾ ಸರ್ಕಾರ 2024ರ ಜನವರಿಯಲ್ಲಿ ಅದನ್ನನುಸರಿಸಿ ಸುತ್ತೋಲೆ ಹೊರಡಿಸಿತು. ಬಾಂಬೆ ಹೈಕೋರ್ಟಿನ ಗೋವಾ ಪೀಠ ಅದೇ ವರ್ಷ ಆಗಸ್ಟಿನಲ್ಲಿ ಆ ಸುತ್ತೋಲೆಯನ್ನು ರದ್ದು ಮಾಡಿತು. ಹೀಗಾಗಿ "ಸರ್ಕಾರದ ಆರ್ಡರ್ ಇದೆ" ಎಂದು ವಾಟ್ಸಾಪಿನಲ್ಲಿ ಬರುವ ಕಾಗದ ತೋರಿಸಿ ಗೆಲ್ಲಲಾಗದು. ನಿಮ್ಮ ಸಭೆ ಏನಾಗಿತ್ತು ಎಂಬುದೇ ಮುಖ್ಯ.

ಅದನ್ನು ಮೊದಲೇ ಸರಿಮಾಡಿಕೊಳ್ಳಲು ನಾನು ಹೇಳುವುದು ಹೀಗೆ. ಸಾಧ್ಯವಾದರೆ ಸಭೆಯನ್ನು ಕ್ರಿಯೆಯಿಂದ ಬೇರ್ಪಡಿಸಬೇಡಿ. ವೈಕುಂಠ ಸಮಾರಾಧನೆಯ ದಿನವೇ, ಅದೇ ಜಾಗದಲ್ಲಿ, ಪೂಜೆ ಅಥವಾ ಪ್ರಾರ್ಥನೆಯಿಂದ ಶುರುಮಾಡಿ ನುಡಿನಮನ ಇಟ್ಟುಕೊಂಡರೆ ಅದು ಕ್ರಿಯೆಯ ಮುಂದುವರಿಕೆ ಎಂದು ನೆಟ್ಟಗೆ ಹೇಳಬಹುದು. ಬೇರೆ ದಿನ, ಬೇರೆ ಹಾಲ್ ಆದರೆ ಹಾಡುಗಳನ್ನು ನೇರವಾಗಿ ಹಾಡಿಸಿ, ಅದೂ ಮುಕ್ತವಾದ ಹಾಡುಗಳನ್ನು. ಮನೆಯ ಹೆಣ್ಣುಮಗಳೊಬ್ಬಳು ಶ್ರುತಿಪೆಟ್ಟಿಗೆಯಿಟ್ಟುಕೊಂಡು ಒಂದು ವಚನ ಹಾಡಿದರೆ ಸಭೆ ಕೂತ ಕಡೆಯೇ ಕರಗುತ್ತದೆ. ಯಾವ ಸ್ಪೀಕರಿನ ಹಾಡೂ ಆ ಕೆಲಸ ಮಾಡುವುದಿಲ್ಲ.

ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಸಂತಾಪ ಸಭೆ ಇಟ್ಟರೆ 52(1)(ಕೆ) ಸ್ವಲ್ಪ ನೆರವಿಗೆ ಬರುತ್ತದೆ. ನಿವಾಸಿಗಳ ಬಳಕೆಗೆಂದೇ ಇರುವ ಮುಚ್ಚಿದ ಕೋಣೆ ಅಥವಾ ಹಾಲ್‌ನಲ್ಲಿ, ಅವರ ಸೌಕರ್ಯದ ಭಾಗವಾಗಿ ಧ್ವನಿಮುದ್ರಣ ಕೇಳಿಸುವುದು ಉಲ್ಲಂಘನೆಯಲ್ಲ. ಹೋಟೆಲಿಗೆ ಇದು ಹೊಂದುವುದಿಲ್ಲ. ಲಾಭಕ್ಕಲ್ಲದ ಕ್ಲಬ್ಬು, ಸಂಘಗಳು ತಮ್ಮ ಚಟುವಟಿಕೆಯ ಭಾಗವಾಗಿ ಧ್ವನಿಮುದ್ರಣ ಹಾಕುವುದಕ್ಕೂ ಅದೇ ಕಲಮಿನಲ್ಲಿ ಜಾಗವಿದೆ. ಅಗಲಿದ ಸದಸ್ಯರಿಗೆ ಸಂಘವೇ ಏರ್ಪಡಿಸುವ ಶ್ರದ್ಧಾಂಜಲಿ ಸಭೆಗೆ ಈ ಆಸರೆ ಪಡೆಯಬಹುದು.

ದೇಹದಾನ ಮಾಡಿದವರ, ಯಾವ ಕ್ರಿಯೆಯೂ ಬೇಡ ಎಂದು ಬರೆದಿಟ್ಟು ಹೋದ ವಿಚಾರವಾದಿಗಳ ಸಭೆಗೆ ಮಾತ್ರ ಧಾರ್ಮಿಕ ವಿನಾಯಿತಿ ಕೇಳಲು ಬಾಯಿ ಬರುವುದಿಲ್ಲ. ಕೇಳಿದರೆ ಸತ್ತವರೇ ಎದ್ದು ಬಂದು ಬೈದಾರು. ಅಂಥ ಕಡೆ ಮುಕ್ತ ಹಾಡು, ಹವ್ಯಾಸಿಗಳ ಗಾಯನ, ಇಲ್ಲವೇ ಲೈಸೆನ್ಸ್.

ಲೈಸೆನ್ಸ್ ಬೇಕೇ ಬೇಕಾದರೆ

ಮೊದಲ ಫೋನ್ ಹಾಲ್‌ನವರಿಗೆ. ದೊಡ್ಡ ಹೋಟೆಲುಗಳು, ಕ್ಲಬ್ಬುಗಳು ಎಷ್ಟೋ ಸಲ ವರ್ಷದ ಲೈಸೆನ್ಸ್ ತೆಗೆದುಕೊಂಡಿರುತ್ತವೆ. ಇದ್ದರೆ ಅದು ಯಾರದು, ಬಾಡಿಗೆಗೆ ಕೊಡುವ ಹಾಲ್‌ಗೂ ಅನ್ವಯಿಸುತ್ತದೆಯೇ ಅಥವಾ ಊಟದ ಹಾಲ್‌ನ ಹಿನ್ನೆಲೆ ಸಂಗೀತಕ್ಕೆ ಮಾತ್ರವೇ ಎಂದು ಕೇಳಿ. ಹಾಲ್‌ನವರು ಗಾಬರಿಯಾಗುವುದಕ್ಕೂ ಕಾರಣವಿದೆ. ಉಲ್ಲಂಘನೆ ನಡೆಯಲು ಲಾಭಕ್ಕಾಗಿ ಜಾಗ ಕೊಟ್ಟವರನ್ನೂ ಕಾಯ್ದೆಯ ಕಲಂ 51 ಹೊಣೆ ಮಾಡುತ್ತದೆ.

ಹಾಲ್‌ನಲ್ಲಿ ಇಲ್ಲದಿದ್ದರೆ ಯಾರ ಬಳಿ ಹೋಗಬೇಕು ಎಂಬುದು ನೀವು ಏನು ಮಾಡುತ್ತೀರಿ ಎನ್ನುವುದರ ಮೇಲೆ ನಿಂತಿದೆ. ಆರ್ಕೆಸ್ಟ್ರಾದವರು ವೇದಿಕೆಯ ಮೇಲೆ ಹಾಡುವುದಾದರೆ ಬಳಕೆಯಾಗುವುದು ಸಾಹಿತ್ಯ ಮತ್ತು ಸಂಗೀತ. ಅದನ್ನು ನೋಡಿಕೊಳ್ಳುವುದು ಐಪಿಆರ್‌ಎಸ್, ಅಂದರೆ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ. ಧ್ವನಿಮುದ್ರಣ ಹಾಕುವುದಾದರೆ ಅದರ ಹಕ್ಕು ಬೇರೆ ಬೇರೆ ಕಂಪನಿಗಳಲ್ಲಿ ಹಂಚಿಹೋಗಿದೆ. ಅವುಗಳ ಪರವಾಗಿ ಲೈಸೆನ್ಸ್ ಕೊಡುವ ಪಿಪಿಎಲ್, ನೋವೆಕ್ಸ್, ಆರ್‌ಎಂಪಿಎಲ್ ಎಂಬ ಸಂಸ್ಥೆಗಳ ಹೆಸರುಗಳು ಬರುತ್ತವೆ. ಒಂದರ ಲೈಸೆನ್ಸ್ ಇದ್ದರೆ ಇನ್ನೊಂದರ ಹಾಡುಗಳಿಗೆ ಸಲ್ಲುವುದಿಲ್ಲ. ಮೊದಲು ಮಾಡಿಕೊಂಡ ಪಟ್ಟಿ ಉಪಯೋಗಕ್ಕೆ ಬರುವುದು ಇಲ್ಲೇ: ಪ್ರತಿ ಹಾಡಿನ ಪಕ್ಕ ಬರೆದ ಆಡಿಯೊ ಕಂಪನಿಯ ಹೆಸರನ್ನು ಇವರ ವೆಬ್‌ಸೈಟಿನ ಪಟ್ಟಿಯೊಂದಿಗೆ ಹೋಲಿಸಿ. ಮೂರು ಹಾಡಿಗೆ ಮೂರು ಕಡೆ ದುಡ್ಡು ಕಟ್ಟುವ ಸ್ಥಿತಿ ಬಂದರೆ ಒಂದೇ ಕಂಪನಿಯ ಮೂರು ಹಾಡು ಆರಿಸಿಕೊಳ್ಳಿ.

ಅರ್ಜಿ ಆನ್‌ಲೈನಿನಲ್ಲೇ ಆಗುತ್ತದೆ. ಕಾರ್ಯಕ್ರಮದ ದಿನ, ಜಾಗ, ಹೊತ್ತು, ಬರುವವರ ಅಂದಾಜು ಸಂಖ್ಯೆ, ಪ್ರವೇಶ ಶುಲ್ಕ ಇಲ್ಲವೆಂಬ ಮಾತು ತುಂಬಿಸಬೇಕು. ಇದು ಶ್ರದ್ಧಾಂಜಲಿ ಸಭೆ ಎಂದು ಸ್ಪಷ್ಟವಾಗಿ ಬರೆಯಿರಿ. ಮನರಂಜನೆ ಕಾರ್ಯಕ್ರಮದ ದರ ಹಾಕಿದರೆ ಯಾವ ದರಪಟ್ಟಿಯ ಪ್ರಕಾರ ಎಂದು ಕೇಳಿ. ನೋಂದಾಯಿತ ಕೃತಿಸ್ವಾಮ್ಯ ಸಂಘಗಳು ದರಪಟ್ಟಿ ಪ್ರಕಟಿಸಲೇಬೇಕೆಂದು ಕಲಂ 33ಎ ಹೇಳುತ್ತದೆ.

ನಿಮ್ಮ ಮೊಬೈಲಿನ ಹಾಡಿನ ಆ್ಯಪಿಗೆ ತಿಂಗಳ ದುಡ್ಡು ಕಟ್ಟಿರುವುದು ಲೈಸೆನ್ಸ್ ಅಲ್ಲ. ಆ ಚಂದಾ ನಿಮ್ಮ ಸ್ವಂತ ಕೇಳ್ಮೆಗೆ. ದುಡ್ಡು ಕಟ್ಟದ ಆ್ಯಪಂತೂ ಬೇಡವೇ ಬೇಡ. ಒಂದು ಸಂತಾಪ ಸಭೆಯಲ್ಲಿ ಹಾಡು ಮುಗಿದು ಎಲ್ಲರೂ ತಲೆ ತಗ್ಗಿಸಿ ಮೌನವಾಗಿ ನಿಂತಿದ್ದಾಗ ಸ್ಪೀಕರಿನಿಂದ ರಮ್ಮಿ ಆಟದ ಜಾಹೀರಾತು ಅರಚಿಕೊಂಡದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಫೋನ್ ಹಿಡಿದಿದ್ದ ಹುಡುಗನ ಮುಖ ಇನ್ನೂ ಕಣ್ಣಮುಂದಿದೆ. ಹಾಡನ್ನು ಮೊದಲೇ ಇಳಿಸಿಟ್ಟುಕೊಂಡು, ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ವೈರಿನಿಂದಲೇ ಮಿಕ್ಸರಿಗೆ ಕೊಡಿ.

ವಿಡಿಯೊ, ಲೈವ್, ಕಾರ್ಡು

ಧಾರ್ಮಿಕ ವಿನಾಯಿತಿ ಇರುವುದು ಹಾಡುವುದಕ್ಕೆ, ಕೇಳಿಸುವುದಕ್ಕೆ. ನಕಲು ಮಾಡುವುದಕ್ಕೆ ಅಲ್ಲ. ಈ ಸಣ್ಣ ವ್ಯತ್ಯಾಸ ಗೊತ್ತಿಲ್ಲದೆ ಮೂರು ಕಡೆ ಸಿಕ್ಕಿಬೀಳುತ್ತೇವೆ.

ಫೋಟೊಗಳನ್ನು ಜೋಡಿಸಿ, ಹಿನ್ನೆಲೆಗೆ ಚಿತ್ರಗೀತೆ ಹಾಕಿ ನೆನಪಿನ ವಿಡಿಯೊ ಮಾಡುವುದು ಈಗ ಮನೆಮನೆಯ ರೂಢಿ. ಹಾಡನ್ನು ವಿಡಿಯೊಗೆ ಅಂಟಿಸಿದ ಕ್ಷಣ ಹೊಸ ನಕಲು ಹುಟ್ಟಿತು, ಅದಕ್ಕೆ ಬೇರೆಯೇ ಅನುಮತಿ ಬೇಕಾಗುತ್ತದೆ. ಇದಕ್ಕೊಂದು ಸುಲಭ ಉಪಾಯವಿದೆ. ಫೋಟೊಗಳ ವಿಡಿಯೊವನ್ನು ಸದ್ದಿಲ್ಲದೆ ಮಾಡಿ, ಸಭೆಯಲ್ಲಿ ಅದು ಓಡುವಾಗ ಹಾಡನ್ನು ಬೇರೆ ಫೋನಿನಿಂದ ಹಾಕಿ. ನೋಡುವವರಿಗೆ ಏನೂ ವ್ಯತ್ಯಾಸ ಗೊತ್ತಾಗದು. ಆಮೇಲೆ ಬಂಧುಗಳಿಗೆ ಹಂಚಲು ಅದೇ ಮೂಕ ವಿಡಿಯೊಗೆ ಮನೆಯವರೇ ಹಾಡಿದ ದನಿಯನ್ನೋ, ಯೂಟ್ಯೂಬಿನ ಆಡಿಯೊ ಲೈಬ್ರರಿಯಲ್ಲಿ ಉಚಿತವಾಗಿ ಸಿಗುವ ವಾದ್ಯಸಂಗೀತವನ್ನೋ ಸೇರಿಸಬಹುದು.

ವಿದೇಶದಲ್ಲಿರುವ ಮಕ್ಕಳಿಗಾಗಿ ಅಂತ್ಯಕ್ರಿಯೆಯನ್ನು ಯೂಟ್ಯೂಬಿನಲ್ಲಿ ಲೈವ್ ಕೊಡುವುದಾದರೆ ಹಿನ್ನೆಲೆಯಲ್ಲಿ ಯಾವ ಧ್ವನಿಮುದ್ರಣವೂ ಓಡದಂತೆ ನೋಡಿಕೊಳ್ಳಿ. ಅಲ್ಲಿ ಕಾವಲಿರುವುದು ಕಂಟೆಂಟ್ ಐಡಿ ಎಂಬ ಯಂತ್ರ. ಅದಕ್ಕೆ ಸಾವು, ಮದುವೆ ಒಂದೇ. ಹಾಡು ಹೊಂದಿಕೆಯಾದರೆ ಲೈವ್ ನಡುವೆಯೇ ಚಿತ್ರ ನಿಂತು ಖಾಲಿ ಪರದೆ ಬರಬಹುದು. ತಂದೆಯ ಚಿತೆಗೆ ಬೆಂಕಿ ಕೊಡುವ ಹೊತ್ತಿಗೆ ಅಮೆರಿಕದಲ್ಲಿ ಕೂತ ಮಗ ಅದನ್ನು ನೋಡುವಂತಾಗುವುದು ಯಾರಿಗೂ ಬೇಡ. ವಿಡಿಯೊವನ್ನು ಅನ್‌ಲಿಸ್ಟೆಡ್ (ಲಿಂಕ್ ಇದ್ದವರಿಗಷ್ಟೇ ಸಿಗುವಂತೆ) ಎಂದು ಇಟ್ಟರೂ ಯಂತ್ರ ನೋಡುತ್ತದೆ. ಇನ್ನೊಂದು ಮಾತು: ಹೊಸ ಚಾನೆಲ್ಲಿನಲ್ಲಿ ಮೊದಲ ಸಲ ಲೈವ್ ಆನ್ ಮಾಡಿದರೆ ಅದು ಶುರುವಾಗಲು 24 ಗಂಟೆಯವರೆಗೂ ಹಿಡಿಯಬಹುದು, ಮೊಬೈಲಿನಿಂದಾದರೆ 50 ಚಂದಾದಾರರೂ ಬೇಕು. ಸಾವಿನ ಮನೆಯಲ್ಲಿ ಅಷ್ಟು ಹೊತ್ತು ಎಲ್ಲಿಂದ ತರುವುದು? ಹತ್ತಿಪ್ಪತ್ತು ಜನಕ್ಕಾದರೆ ಜೂಮ್ ಅಥವಾ ಗೂಗಲ್ ಮೀಟ್ ಮೇಲು. ಉಚಿತ ಜೂಮ್ 40 ನಿಮಿಷಕ್ಕೆ ಕಡಿಯುತ್ತದೆ, ಮೀಟ್ ಒಂದು ಗಂಟೆಗೆ. ಎರಡನೆಯ ಲಿಂಕ್ ಮೊದಲೇ ಮಾಡಿಟ್ಟು ಗುಂಪಿಗೆ ಕಳುಹಿಸಿರಿ.

ನಿಮ್ಮ ಭಜನಾ ಮಂಡಳಿಯೇ ಹಾಡಿದ ದಾಸರ ಪದಕ್ಕೂ ಯಾವುದೋ ಕಂಪನಿಯ ಹೆಸರಿನಲ್ಲಿ ಕ್ಲೇಮ್, ಅಂದರೆ ಈ ಹಾಡು ನಮ್ಮದೆಂಬ ತಕರಾರು, ಬರುವುದುಂಟು. ಹೆದರಿ ವಿಡಿಯೊ ಅಳಿಸಬೇಡಿ. ಕ್ಲೇಮ್ ಬಂದರೆ ಚಾನೆಲ್ಲಿಗೆ ಸ್ಟ್ರೈಕ್ (ಶಿಕ್ಷೆಯ ಎಚ್ಚರಿಕೆ) ಬಿತ್ತೆಂದು ಅರ್ಥವಲ್ಲ. ಡಿಸ್‌ಪ್ಯೂಟ್ ಒತ್ತಿ, ಸಾಹಿತ್ಯ ಮುಕ್ತ, ಹಾಡಿದವರು ನಾವೇ ಎಂದು ಬರೆಯಿರಿ. ಎದುರಿನವರಿಗೆ ಉತ್ತರಿಸಲು 30 ದಿನ ಸಮಯವಿರುತ್ತದೆ.

ಇನ್ನು ಕಾರ್ಡು. ಪುಣ್ಯಸ್ಮರಣೆಯ ಪತ್ರಿಕೆಯಲ್ಲಿ ಕವಿತೆಯ ಎರಡು ಸಾಲು ಹಾಕಿ ಕವಿಯ ಹೆಸರು ಬರೆದರೆ ಯಾರೂ ತಕರಾರು ತೆಗೆದದ್ದನ್ನು ನಾನು ಕಂಡಿಲ್ಲ. ಆದರೆ ಇಡೀ ಭಾವಗೀತೆಯನ್ನು ಐನೂರು ಪ್ರತಿ ಅಚ್ಚು ಹಾಕಿಸುವುದು ನಕಲೇ. ಚರ್ಚುಗಳಲ್ಲಿ ಸಂಸ್ಕಾರದ ದಿನ ಹಂಚುವ ಗೀತೆಗಳ ಹಾಳೆಗೂ ಇದೇ ಮಾತು. ಹಳೆಯ ಕೀರ್ತನೆಗಳಾದರೆ ಚಿಂತೆಯಿಲ್ಲ, ಈಚಿನ ಆರಾಧನಾ ಗೀತೆಗಳಾದರೆ ಕೇಳಿಕೊಳ್ಳಿ.

ಹೊರದೇಶದಲ್ಲಿ ಆದರೆ

ಅಮೆರಿಕದ ಕಾಯ್ದೆಯಲ್ಲೂ ಪೂಜಾಸ್ಥಳದಲ್ಲಿ ಅಥವಾ ಧಾರ್ಮಿಕ ಕೂಟದಲ್ಲಿ ನಡೆಯುವ ಪ್ರಾರ್ಥನೆಯ ವೇಳೆ ಸಂಗೀತ ನುಡಿಸಲು ವಿನಾಯಿತಿಯಿದೆ, ಕಲಂ 110(3). ಅದು ಆ ಜಾಗಕ್ಕಷ್ಟೇ, ಪ್ರಸಾರಕ್ಕಲ್ಲ. ಅಲ್ಲಿ ಅಂತಿಮ ದರ್ಶನ ಸಾಮಾನ್ಯವಾಗಿ ಫ್ಯೂನರಲ್ ಹೋಮಿನಲ್ಲಿ ನಡೆಯುವುದರಿಂದ ಅಲ್ಲಿನ ಸಂಗೀತ ಹಕ್ಕುಸಂಸ್ಥೆಗಳಾದ ಆಸ್ಕ್ಯಾಪ್, ಬಿಎಂಐ, ಸೆಸ್ಯಾಕ್ ಲೈಸೆನ್ಸ್ ಅವರ ಬಳಿ ಇದೆಯೇ, ವೆಬ್‌ಕಾಸ್ಟಿಗೂ ಸಲ್ಲುತ್ತದೆಯೇ ಎಂದು ಅವರನ್ನೇ ಕೇಳಿ. ಬ್ರಿಟನ್ನಿನಲ್ಲಿ ಪಿಪಿಎಲ್ ಪಿಆರ್‌ಎಸ್ ಎಂಬ ಸಂಸ್ಥೆ ಕೊಡುವ ಲೈಸೆನ್ಸನ್ನು ಸಾಮಾನ್ಯವಾಗಿ ಕ್ರಿಮಟೋರಿಯಂ ತಾನೇ ತೆಗೆದುಕೊಂಡಿರುತ್ತದೆ, ಕುಟುಂಬ ಹಾಡು ಆರಿಸಿಕೊಟ್ಟರೆ ಸಾಕು. ಅಲ್ಲಿನವರ ಕೈಯಲ್ಲಿ ಕನ್ನಡ ಹಾಡು ಇರುವ ಸಂಭವ ಕಡಿಮೆ, ಆದ್ದರಿಂದ ಎರಡು ಮೂರು ದಿನ ಮುಂಚೆಯೇ ಕಡತ ತಲುಪಿಸಿ. ಅವಧಿಯ ಲೆಕ್ಕವೂ ಅಲ್ಲಿ ಬೇರೆ: ಬ್ರಿಟನ್ನಿನಲ್ಲಿ ಬರೆದವರ ಸಾವಿನ ನಂತರ 70 ವರ್ಷ.

ಬಾಗಿಲಿಗೆ ಬಂದು ಕೇಳಿದರೆ

ಕೆಲವೊಮ್ಮೆ ಹಾಲ್‌ಗೆ ಯಾರೋ ಬಂದು "ನಾವು ಮ್ಯೂಸಿಕ್ ಕಂಪನಿಯವರು, ಇಷ್ಟು ಕಟ್ಟಿ, ಇಲ್ಲಾಂದ್ರೆ ಪೊಲೀಸರನ್ನ ಕರೀತೀವಿ" ಎನ್ನಬಹುದು. ಬಂದವರ ಜೊತೆ ಮಾತಾಡಲು ಸಾವಿನ ಮನೆಯವರಲ್ಲದ ಒಬ್ಬರನ್ನು ಮೊದಲೇ ಗೊತ್ತುಮಾಡಿಡಿ. ಸೋದರಮಾವನೋ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರೋ, ದನಿ ಏರಿಸದೆ ಮಾತಾಡಬಲ್ಲವರು. ಅವರು ಕೇಳಬೇಕಾದ್ದು ಇಷ್ಟು: ಯಾವ ಸಂಸ್ಥೆ, ಗುರುತಿನ ಚೀಟಿ ಎಲ್ಲಿ, ಕಲಂ 33ರಡಿ ನೋಂದಣಿ ಇದೆಯೇ ಅಥವಾ ಹಕ್ಕು ವಹಿಸಿಕೊಟ್ಟ ಕರಾರು ಇದೆಯೇ, ನಾವು ಹಾಕಿದ ಯಾವ ಹಾಡು ನಿಮ್ಮದು. ಆಹ್ವಾನಪತ್ರಿಕೆ ತೋರಿಸಿ, ಇದು ಉತ್ತರಕ್ರಿಯೆಯ ಭಾಗ, 52(1)(ಝಡ್‌ಎ) ಅನ್ವಯಿಸುತ್ತದೆ ಎಂದು ಹೇಳಿ. ಅಷ್ಟಕ್ಕೇ ಬಹುತೇಕ ಮಂದಿ ಹಿಂದೆ ಸರಿಯುತ್ತಾರೆ.

ಸರಿಯದಿದ್ದರೆ ವಾದ ಬೆಳೆಸದೆ ಆ ಹಾಡು ನಿಲ್ಲಿಸಿ. ಗೊತ್ತಿದ್ದೂ ಹಕ್ಕು ಮುರಿದರೆ ಕಲಂ 63ರಲ್ಲಿ ಆರು ತಿಂಗಳಿಂದ ಮೂರು ವರ್ಷದ ಸೆರೆ, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಎಂದಿದೆ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲವಾದರೆ ಕಾರಣ ಬರೆದು ಕಡಿಮೆ ಮಾಡುವ ಅಧಿಕಾರವೂ ಕೋರ್ಟಿಗಿದೆ. ಯಾರೂ ಶೋಕಸಭೆಯ ಮೇಲೆ ಇದನ್ನು ಎಳೆದಾಡಲು ಬಯಸುವುದಿಲ್ಲ, ಆದರೆ ಆ ಸಂಜೆ ಅದನ್ನು ಪರೀಕ್ಷಿಸುವ ಕೆಲಸ ನಿಮಗೂ ಬೇಡ. ಬಂದವರ ಹೆಸರು, ಫೋನ್ ನಂಬರ್ ಬರೆದುಕೊಂಡು, ಬೇಡಿಕೆಯನ್ನು ಇ-ಮೇಲಿನಲ್ಲಿ ಕಳುಹಿಸಲು ಹೇಳಿ. ನಗದು ಕೊಡಬೇಡಿ, ರಸೀದಿಯಿಲ್ಲದೆ ಒಂದು ರೂಪಾಯಿಯೂ ಬೇಡ.

ನಮ್ಮ ದೊಡ್ಡಪ್ಪನ ಸಭೆಯಲ್ಲಿ ಕೊನೆಗೆ ಸ್ಪೀಕರಿನ ಹಾಡು ಹಾಕಲೇ ಇಲ್ಲ. ಬೆಳಗ್ಗೆ ಮ್ಯಾನೇಜರಿಗೆ ಆಹ್ವಾನಪತ್ರಿಕೆಯ ಜೊತೆಗೆ "ಧ್ವನಿಮುದ್ರಿತ ಸಂಗೀತ ಬಳಸುವುದಿಲ್ಲ, ಕುಟುಂಬದವರೇ ದಾಸರ ಪದ, ವಚನ ಹಾಡುತ್ತಾರೆ" ಎಂದು ಎರಡು ಸಾಲು ಬರೆದು ಸಹಿ ಹಾಕಿ ಕೊಟ್ಟೆವು. ಅವರು ಅದನ್ನು ಫೈಲಿಗೆ ಸೇರಿಸಿಕೊಂಡು, ಮೈಕ್ ಎಷ್ಟು ಬೇಕು ಎಂದು ಕೇಳಿದರು.